ಮೂರನೇ ಸಲ ಕೂತ ನೋವುಗಾರ್ತಿ

ಗದಗ
ಇಸವಿ ೨೧೮೪, ಕೊಸರು ತಿಂಗಳ ಇಪ್ಪತ್ತೊಂದನೆಯ ದಿನ

ಪೂಜ್ಯ ಅನುಸೂಯಾ ಆಯಿಯವರಿಗೆ,

ನಿಮ್ಮ ಮರಿಮಗಳ ಮರಿಮಗಳು ನಿಂಬೆವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಇದು ಯಾರೋ ಹುಡುಗರ ಕಿತಾಪತಿ ಎಂದು ಕಾಗದ ಮಡಚಿ ಒಗೆಯಬೇಡಿ. ಕೊಸರು ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ. ಹಾಗೆ ಹನ್ನೆರಡು ತಿಂಗಳು ಅಳೆದು ಕೊಟ್ಟ ಮೇಲೂ ವರ್ಷದಲ್ಲಿ ಒಂದು ತಿಂಗಳು ಮಿಕ್ಕುತ್ತದೆ. ಸಂತೆಯಲ್ಲಿ ಕಾಯಿಪಲ್ಲೆ ತೂಗಿದ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಾರಲ್ಲ, ಆ ಕೊಸರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಈ ತಿಂಗಳಲ್ಲಿ ಕಚೇರಿಗಳಿಲ್ಲ, ಮದುವೆಗಳಿಲ್ಲ. ಪರೀಕ್ಷೆಗಳು ಮಾತ್ರ ಇವೆ. ಮುಂದೆಯೂ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ನನಗೊಂದು ತೊಡಕಾಯಿತು. ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಮೂವತ್ತೆಂಟು ವರ್ಷ. ನನಗೆ ನಲವತ್ತಾರು. ಎದುರಿಗೆ ಸಿಕ್ಕರೆ ನಾನು ನಿಮ್ಮನ್ನು ತಂಗಿ ಎಂದೇ ಮಾತಾಡಿಸುತ್ತಿದ್ದೆ. ಆದರೆ ಅಜ್ಜಿಗೆ ನಾವು ಈಗಲೂ ಆಯಿ ಎನ್ನುತ್ತೇವೆ, ಅಜ್ಜಿಯ ಅಜ್ಜಿಗೂ ಅದೇ. ವಯಸ್ಸಿಗೆ ಚಿಕ್ಕವರನ್ನು ಹಿರಿಯರೆಂದು ಕರೆಯುವ ಪ್ರಸಂಗ ಈ ತಿಂಗಳು ನನಗೆ ಇನ್ನೊಂದು ಕಡೆಯಿಂದಲೂ ಒದಗಿತು. ಅದನ್ನು ಆಮೇಲೆ ಹೇಳುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ನಮ್ಮ ಕಪ್ಪತಗುಡ್ಡ ವೈದ್ಯಶಾಲೆಯಲ್ಲಿ ಸೀಟು ಸಿಕ್ಕವರಿಗೆಲ್ಲ ಒಂದು ಕಾಗದ ಹಾಕುವ ಹಕ್ಕಿದೆ, ಅದೂ ಮನೆತನದ ಹಿರಿಯರೊಬ್ಬರಿಗೆ ಮಾತ್ರ. ಮುಟ್ಟುತ್ತದೋ ಇಲ್ಲವೋ ಎಂದು ಅಂಚೆಯವರನ್ನು ಕೇಳಿದೆ. ಹಾಕುವುದು ನಿಮ್ಮ ಕೆಲಸ, ಮುಟ್ಟುವುದು ಅದರ ಕೆಲಸ ಎಂದು ಹೇಳಿ ಅವರು ಚಹಾ ಕುಡಿಯಲು ಎದ್ದು ಹೋದರು. ಹೌದು ಆಯಿ, ನೀವು ಓದಿದ್ದು ಸರಿ. ಸೀಟು ಸಿಕ್ಕವರಿಗೆ ಮಾತ್ರ ಕಾಗದ ಹಾಕುವ ಹಕ್ಕು. ನಾನು ಹಾಕುತ್ತಿದ್ದೇನೆ. ನಲವತ್ತಾರನೇ ವಯಸ್ಸಿನಲ್ಲಿ, ಮೂರನೇ ಸಲಕ್ಕೆ, ನನಗೆ ವೈದ್ಯಶಾಲೆಯ ಸೀಟು ಸಿಕ್ಕಿದೆ. ನಿನ್ನೆಯಿಂದ ಇದನ್ನು ಓಣಿಯ ನಾಯಿಗಳಿಗೂ ಹೇಳಿ ಮುಗಿಸಿದ್ದೇನೆ. ನೀವೊಬ್ಬರು ಉಳಿದಿದ್ದಿರಿ.

ನಿಮಗೇ ಯಾಕೆ ಎಂದರೆ, ನಮ್ಮ ಮನೆಯಲ್ಲಿ ನಿಮ್ಮದೊಂದು ಕತೆ ಉಳಿದಿದೆ. ನಿಮ್ಮ ಕಾಲದವರು ಫೋಟೊ, ಪತ್ರ, ದಾಖಲೆ ಎಲ್ಲವನ್ನೂ ಯಾವುದೋ ದೂರದ ಯಂತ್ರಗಳ ಹೊಟ್ಟೆಯಲ್ಲಿ ತುಂಬಿಟ್ಟಿದ್ದಿರಂತೆ. ನನ್ನ ಅಜ್ಜಿ ಹುಟ್ಟುವ ಮೊದಲೇ ಅವೆಲ್ಲ ಒಂದೇ ವಾರದಲ್ಲಿ ಬರಿದಾದವು. ಅದಕ್ಕೆ ನಾವು ದೊಡ್ಡ ಅಳಿಕೆ ಎನ್ನುತ್ತೇವೆ. ಬಾಯಿಂದ ಬಾಯಿಗೆ ಬಂದದ್ದಷ್ಟೇ ಉಳಿಯಿತು. ನೀವು ಹದಿನೆಂಟರಲ್ಲಿ ಡಾಕ್ಟರಿಕೆಯ ಪ್ರವೇಶ ಪರೀಕ್ಷೆ ಬರೆದಿರಿ, ಆಗಲಿಲ್ಲ. ಗದಗಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದಿರಿ, ಮದುವೆಯಾಯಿತು, ಎರಡು ಮಕ್ಕಳಾದವು. ಮೂವತ್ತೇಳರಲ್ಲಿ ಮತ್ತೆ ದಪ್ಪ ದಪ್ಪ ಪುಸ್ತಕ ತಂದು ಓದಿ ಪರೀಕ್ಷೆಗೆ ಹೋದಿರಿ. ನೀವು ಹಾಲ್‌ನೊಳಗೆ ಕಾಲಿಟ್ಟಾಗ ಅಲ್ಲಿದ್ದ ಮಕ್ಕಳೆಲ್ಲ ಸೂಪರ್‌ವೈಸರ್ ಮೇಡಂ ಬಂದರೆಂದು ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದರಂತೆ. ಆ ಸಲವೂ ಆಗಲಿಲ್ಲ. ಅಲ್ಲಿಂದ ಮುಂದೆ ಕತೆ ಎರಡಾಗುತ್ತದೆ. ನೀವು ಮತ್ತೆ ಹೋಗಿ ಕೂತಿರಿ ಎಂದು ನಮ್ಮ ಅರ್ಧ ಮನೆತನ ಹೇಳುತ್ತದೆ. ಇನ್ನರ್ಧ ಮನೆತನದ ಪ್ರಕಾರ ನೀವು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಸಾಕು ಎಂದಿರಿ. ಯಾವುದು ನಿಜ ಎಂದು ಹೇಳುವವರು ಯಾರೂ ಉಳಿದಿಲ್ಲ. ಎರಡು ಕತೆಗಳಿಗಾಗಿ ನಮ್ಮ ಮನೆಯ ಮದುವೆಗಳಲ್ಲಿ ಜಗಳಗಳೂ ಆಗಿವೆ.

ನಿಮ್ಮ ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಎನ್ನುತ್ತಿದ್ದರಂತೆ, ಸೀರೆ ಅಂಗಡಿಯಲ್ಲಿ ಹರವಿದ ಹಾಗೆ. ನಮ್ಮ ಮಕ್ಕಳು ಇದನ್ನು ನಂಬುವುದೇ ಇಲ್ಲ. ನಮ್ಮಲ್ಲಿ ಓದಿ ನೆನಪಿಟ್ಟುಕೊಳ್ಳುವ ಕೆಲಸವನ್ನು ಕಿವಿಪಂಡಿತ ಮಾಡುತ್ತದೆ. ಅದು ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಹುಣಸೆ ಬೀಜದಷ್ಟು ದೊಡ್ಡ ಸಾಧನ. ಕೇಳಿದ್ದನ್ನೆಲ್ಲ ಹೇಳುತ್ತದೆ, ಕೇಳದೆ ಇದ್ದದ್ದನ್ನೂ ಹೇಳಿ ತಲೆ ತಿನ್ನುತ್ತದೆ. ಹಾಗಾಗಿ ವೈದ್ಯಶಾಲೆಯವರು ನೆನಪನ್ನು ಪರೀಕ್ಷಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಾಗಿಲಲ್ಲೇ ಕಿವಿಪಂಡಿತವನ್ನು ತೆಗೆಸಿ, ಒಂದು ಕೋಣೆಗೆ ಕಳಿಸುತ್ತಾರೆ. ಅಲ್ಲಿ ವೈದ್ಯರಿಗೆ ಒಂದು ಕುರ್ಚಿ, ರೋಗಿಗೆ ಒಂದು ಬೆಂಚು. ಮೂಲೆಯಲ್ಲಿ ನೀರಿನ ಹಂಡೆ, ಅದರ ಮೇಲೆ ತೇಲುವ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಆ ಬಟ್ಟಲು ನೀರು ತುಂಬಿ ಮುಳುಗುವ ತನಕ ಅಭ್ಯರ್ಥಿಗೆ ಸಮಯ. ಮೂವರು ಪರೀಕ್ಷಕರು ಜಾಲರಿ ಪರದೆಯ ಹಿಂದೆ ಕೂತು ಕೇಳುತ್ತಾರೆ. ಬೆಂಚಿನ ಮೇಲೆ ನೋವುಗಾರ ಇರುತ್ತಾನೆ.

ನೋವುಗಾರರು ಎಂದರೆ ರೋಗಿಯ ವೇಷ ಹಾಕುವವರು. ಅವರಿಗೆ ನೋವುಮನೆಯಲ್ಲಿ ತರಬೇತಿ. ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ ಕೊಟ್ಟು, ಅದರಲ್ಲಿ ಒಂದು ಸಂಗತಿಯನ್ನು ಮುಚ್ಚಿಡಲು ಹೇಳುತ್ತಾರೆ. ಕುಡಿಯುವುದನ್ನು ಒಬ್ಬ ಮುಚ್ಚಿಡುತ್ತಾನೆ, ಗಂಡ ಹೊಡೆದದ್ದನ್ನು ಒಬ್ಬಳು ಮುಚ್ಚಿಡುತ್ತಾಳೆ. ಹೀಗೆ ಮುಚ್ಚಿಟ್ಟದ್ದಕ್ಕೆ ಮುಚ್ಚಿಗೆ ಎಂದು ಹೆಸರು. ಬಟ್ಟಲು ಮುಳುಗುವ ಮೊದಲು ಅಭ್ಯರ್ಥಿ ಮಾತಾಡಿಸಿ ಆ ಮುಚ್ಚಿಗೆಯನ್ನು ತೆಗೆಸಬೇಕು. ಕೊನೆಗೆ ಪರೀಕ್ಷಕರು ನೋವುಗಾರನನ್ನು ಒಂದೇ ಪ್ರಶ್ನೆ ಕೇಳುತ್ತಾರೆ, ಈ ವೈದ್ಯರ ಹತ್ತಿರ ಮತ್ತೆ ಹೋಗುತ್ತೀಯಾ ಎಂದು. ಒಟ್ಟು ಅಂಕಗಳಲ್ಲಿ ಅರ್ಧ ಅದಕ್ಕೇ. ಮನುಷ್ಯನೊಬ್ಬ ತನ್ನ ಜೀವಮಾನದಲ್ಲಿ ಈ ಪರೀಕ್ಷೆಗೆ ಮೂರು ಸಲ ಕೂರಬಹುದು. ನಾಲ್ಕನೆಯದಿಲ್ಲ.

ನಾನು ಮೊದಲ ಸಲ ಕೂತದ್ದು ಹತ್ತೊಂಬತ್ತರಲ್ಲಿ. ಆಗ ನನ್ನ ಬಾಯಿ ಹೇಗಿತ್ತೆಂದರೆ, ಎದುರಿಗಿದ್ದ ಮುದುಕಿ ಒಂದು ಮಾತು ಶುರುಮಾಡುವಷ್ಟರಲ್ಲಿ ನಾನು ಅದನ್ನು ಮುಗಿಸಿ, ಮುಂದಿನ ಎರಡನ್ನೂ ಹೇಳಿಬಿಟ್ಟಿರುತ್ತಿದ್ದೆ. ಬಟ್ಟಲು ಅರ್ಧವೂ ಮುಳುಗಿರಲಿಲ್ಲ, ನಾನು ಕಾಯಿಲೆ, ಔಷಧ, ಪಥ್ಯ ಎಲ್ಲವನ್ನೂ ಸಾರಿ ಕೈಕಟ್ಟಿ ಕೂತಿದ್ದೆ. ಮತ್ತೆ ಹೋಗುತ್ತೀಯಾ ಎಂದು ಕೇಳಿದಾಗ ಮುದುಕಿ, "ಇಕಿ ಬಾಯಾಗ ಗಿರಣಿ ಐತ್ರೀ, ನಾ ಹೋಗಂಗಿಲ್ಲ" ಅಂದಳು. ಆದರೆ ಹೊರಗೆ ಬಂದು ನಾನು ಕಟ್ಟೆಯ ಮೇಲೆ ಅಳುತ್ತಾ ಕೂತಿದ್ದಾಗ ಅವಳೇ ಬಂದು ಪಕ್ಕದಲ್ಲಿ ಕೂತಳು. ಇಷ್ಟು ಮಾತು ಬರುವವಳು ಸುಳ್ಳನ್ನಾದರೂ ಚೆನ್ನಾಗಿ ಹೇಳಬಹುದು, ನಮ್ಮ ನೋವುಮನೆಗೆ ಬಾ ಎಂದಳು. ಹೋದೆ. ನೋಡನೋಡುತ್ತ ಇಪ್ಪತ್ತೈದು ವರ್ಷ ಆ ಬೆಂಚಿನ ಮೇಲೆ ಕಳೆದವು.

ಆಯಿ, ನಾನು ಒಳ್ಳೆಯ ನೋವುಗಾರ್ತಿಯಾಗಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನು ನಟಿಸಿದ ದಮ್ಮಿನ ಕಾಯಿಲೆ ನೋಡಿ ಒಬ್ಬ ಹುಡುಗ ತಾನೇ ಉಸಿರು ಕಟ್ಟಿ ಬಿದ್ದಿದ್ದ. ಆಮೇಲೆ ಹೊಸಬರಿಗೆ ಕಲಿಸುವ ಕೆಲಸವನ್ನೂ ಕೊಟ್ಟರು. ಎಮ್ಮೆಯ ಹಾಗೆ ನರಳಬೇಡ, ನೋವಿರುವವರು ಸದ್ದು ಮಾಡುವುದು ಕಡಿಮೆ ಎಂದು ಬೈದು ಬೈದು ಕಲಿಸಿದೆ. ಒಂದು ವರ್ಷ ಪರೀಕ್ಷೆಯಲ್ಲಿ ನನ್ನೆದುರು ಸಣಕಲು ಹುಡುಗಿಯೊಬ್ಬಳು ಬಂದು ಕೂತಳು. ಎಲ್ಲರೂ ಎಲ್ಲಿ ನೋವು, ಯಾವಾಗಿನಿಂದ ಎಂದು ಶುರುಮಾಡಿದರೆ, ಇವಳು ನನ್ನ ಮುಖ ನೋಡಿ ಊಟ ಆಯಿತಾ ಎಂದು ಕೇಳಿದಳು. ಅವತ್ತು ನಾನು ನಿಜವಾಗಿಯೂ ಊಟ ಮಾಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಕಲಿತ ಪಾಠವೆಲ್ಲ ಕ್ಷಣಹೊತ್ತು ಮರೆತುಹೋಯಿತು. ಹಾಗೆ ಕೇಳುವವಳು ನಾನಾಗಬೇಕು ಎಂದು ಅವತ್ತು ಅನ್ನಿಸಿತು. ಬೇರೆ ದೊಡ್ಡ ಕಾರಣ ಹುಡುಕಬೇಡಿ. ಆಸೆಯಾಯಿತು, ಅಷ್ಟೇ. ಮನೆಯಲ್ಲಿ ಹೇಳಿದಾಗ ನನ್ನ ಗಂಡ, ಧಾರಾಳವಾಗಿ ಹೋಗು, ನನ್ನ ಮೇಲೆ ಮಾತ್ರ ಪ್ರಯೋಗ ಮಾಡಬೇಡ ಎಂದರು.

ಪರೀಕ್ಷೆಗೆ ಹೆಸರು ಕೊಟ್ಟ ನೋವುಗಾರರು ನೋವುಮನೆ ಬಿಡಬೇಕು. ತಿರುಗಿ ಸೇರಿಸಿಕೊಳ್ಳುವುದಿಲ್ಲ. ಬಿಟ್ಟೆ. ಆ ವರ್ಷ ನನ್ನ ಮಗಳು ಹಂಪವ್ವನೂ ಪರೀಕ್ಷೆಗೆ ಕೂರುವವಳಿದ್ದಳು. ಅವಳಿಗೆ ಹದಿನೆಂಟು, ನನಗೆ ನಲವತ್ತನಾಲ್ಕು. ತಾಯಿ ಮಗಳು ಇಬ್ಬರೂ ಒಂದೇ ತಟ್ಟೆಯಲ್ಲಿ ಮೊಸರನ್ನ ತಿಂದು ಹೊರಟೆವು. ಅವಳು ಮೊದಲು ಒಳಗೆ ಹೋಗಿ ನಗುತ್ತಾ ಬಂದಳು. ಆಮೇಲೆ ನನ್ನ ಹೆಸರು ಕರೆದರು.

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಕೋಣೆಯೊಳಗೆ ಹೋದೆ. ಹಿರಿಯ ನೋವುಗಾರರೊಬ್ಬರು ಇನ್ನೂ ಬೆಂಚು ಮುಟ್ಟದೆ ಬಾಗಿಲ ಬಳಿ ಕೋಲು ಹಿಡಿದು ನಿಂತಿದ್ದರು. ನಾನು ನೆಟ್ಟಗೆ ನಡೆದು ಹೋಗಿ ರೋಗಿಯ ಬೆಂಚಿನ ಮೇಲೆ ಕೂತೆ. ಇಪ್ಪತ್ತೈದು ವರ್ಷದ ರೂಢಿ, ಕಾಲು ತಾನೇ ಅತ್ತ ಕರೆದೊಯ್ದಿತು. ಕೂತದ್ದಷ್ಟೇ ಆಗಿದ್ದರೆ ಎದ್ದು ಹೋಗಬಹುದಿತ್ತು. ಕೂತವಳು ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿ, "ಮೂರ ದಿನಾ ಆತ್ರೀ, ಹಿಂಡಿ ಹಿಂಡಿ ಬರಾಕತ್ತೈತಿ" ಎಂದು ಹೇಳಿಯೂಬಿಟ್ಟೆ. ಪಾಪ, ಕೂರಲು ಜಾಗವಿಲ್ಲದೆ ಆ ಹಿರಿಯರು ವೈದ್ಯರ ಕುರ್ಚಿಯಲ್ಲಿ ಕೂತು, ಅಯ್ಯೋ ಹೌದೇನವ್ವಾ ಎಂದು ನನ್ನನ್ನೇ ವಿಚಾರಿಸತೊಡಗಿದರು. ಜಾಲರಿಯ ಹಿಂದೆ ಮೂವರು ಪರೀಕ್ಷಕರೂ ನಕ್ಕು ನಕ್ಕು ಕೆಮ್ಮಿದ್ದು ನನಗೆ ಕೇಳಿಸಿತು. ಆಮೇಲೆ ನಾನು ಎದ್ದು ಕುರ್ಚಿಗೆ ಹೋದರೂ ನಾಲಿಗೆ ಏಳಲಿಲ್ಲ. ಬಟ್ಟಲು ಮುಳುಗಿತು. ಅಭ್ಯರ್ಥಿಯು ರೋಗಿಯಾದ ಕಾರಣ ಅನುತ್ತೀರ್ಣ ಎಂದು ಬರೆದು ಕಳಿಸಿದರು.

ಹಂಪವ್ವನಿಗೆ ಸೀಟು ಸಿಕ್ಕಿತು. ಅವಳು ನನ್ನೆದುರು ಸಂತೋಷಪಡಲೂ ಹಿಂಜರಿದಳು. ನಾನೇ ಅವಳ ಬಾಯಿಗೆ ಬದನೆಕಾಯಿ ಬಜ್ಜಿ ತುರುಕಿ, ಕುಣಿಯೇ ಹುಚ್ಚಿ ಎಂದೆ. (ಗದಗಿನ ಬದನೆಕಾಯಿ ಬಜ್ಜಿ ಇನ್ನೂ ಇದೆ, ಆಯಿ. ಅದೊಂದರ ಚಿಂತೆ ಬಿಡಿ.) ವೈದ್ಯಶಾಲೆಯವರು ಆ ಕುರ್ಚಿಗೆ ಇದು ವೈದ್ಯರ ಕುರ್ಚಿ ಎಂದು ಚೀಟಿ ಅಂಟಿಸಿದರು. ಅದಕ್ಕೆ ಊರೆಲ್ಲ ನಿಂಬೆವ್ವನ ಚೀಟಿ ಎಂದೇ ಹೆಸರಾಯಿತು. ಓಣಿಯ ಹುಡುಗರು ಹೊಟ್ಟೆನೋವು ಹೇಗಿದೆ ಡಾಕ್ಟರೇ ಎಂದು ಕೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನಿಮ್ಮನ್ನು ನೋಡಿದಾಗಲೆಲ್ಲ ಹೆಚ್ಚಾಗುತ್ತದೆ ಎನ್ನುತ್ತಿದ್ದೆ. ಮನೆಯೊಳಗೆ ಬಂದ ಮೇಲೆ ಅಳುತ್ತಿದ್ದೆ.

ಆಮೇಲಿನ ಎರಡು ವರ್ಷ ರೊಟ್ಟಿಮನೆಯಲ್ಲಿ ದುಡಿದೆ. ನಮ್ಮಲ್ಲಿ ಮನೆಮನೆಗೆ ಒಲೆಯಿಲ್ಲ. ಓಣಿಗೊಂದು ರೊಟ್ಟಿಮನೆ, ಅಲ್ಲಿಂದಲೇ ಎಲ್ಲರಿಗೂ ಊಟ. ಜೋಳದ ರೊಟ್ಟಿ ಬಡಿಯುವ ಯಂತ್ರವನ್ನು ಎಷ್ಟೋ ಜನ ಮಾಡಿ ನೋಡಿದರು, ಎಲ್ಲವೂ ಹಪ್ಪಳ ಮಾಡಿದವು. ಹಾಗಾಗಿ ಕೈಯೇ ಗತಿ. ನಮ್ಮ ಬಿಸಿಲು ನಿಮ್ಮ ಬಿಸಿಲಲ್ಲ. ಹೊತ್ತು ಏರುವ ಮೊದಲು ಒಂದು ತಂಪುಪಾಳಿ, ಇಳಿದ ಮೇಲೆ ಒಂದು ತಂಪುಪಾಳಿ. ನಡುವೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಎಲ್ಲರೂ ಮಲಗಿದ ಆ ಹೊತ್ತಿನಲ್ಲಿ ನಾನು ರೊಟ್ಟಿಮನೆಯ ಜಗಲಿಯಲ್ಲಿ ಹಂಪವ್ವನ ಪಾಠಗಳನ್ನು ಓದುತ್ತಿದ್ದೆ. ದೂರದಲ್ಲಿ ಗುಡ್ಡದ ಮೇಲೆ ನಿಮ್ಮವರು ನಿಲ್ಲಿಸಿದ ಗಾಳಿಕಂಬಗಳು ಕಾಣುತ್ತಿದ್ದವು. ರೆಕ್ಕೆಗಳು ಉದುರಿ ಬಹಳ ಕಾಲವಾಯಿತು, ಈಗ ಅವುಗಳೊಳಗೆ ಮೆಟ್ಟಿಲು ಕಟ್ಟಿ ವೈದ್ಯಶಾಲೆಯ ಮಕ್ಕಳು ವಾಸ ಮಾಡುತ್ತಾರೆ. ಅದರಲ್ಲಿ ಒಂದು ನನ್ನ ಮಗಳ ಕಂಬ. ಅವಳು ರಜೆಗೆ ಬಂದಾಗಲೆಲ್ಲ ಕಾಡುತ್ತಿದ್ದಳು. ವೈದ್ಯಶಾಲೆಯಲ್ಲಿ ಒಂದು ಪದ್ಧತಿಯಿದೆ. ವಯಸ್ಸು ಎಷ್ಟೇ ಇರಲಿ, ಹೊಸಬರು ಮೇಲಿನ ವರ್ಷದವರನ್ನು ಅಣ್ಣಾ, ಅಕ್ಕಾ ಎಂದೇ ಕರೆಯಬೇಕು. "ನೀ ಪಾಸಾದ್ರ ನನಗ ಅಕ್ಕಾ ಅನಬೇಕಾಗ್ತೈತಿ ನೋಡವ್ವಾ" ಎಂದು ಅವಳು ನಗುತ್ತಿದ್ದಳು. ಪಾಸಾಗದಿದ್ದರೆ ಎಂಬ ಮಾತನ್ನು ನಾವಿಬ್ಬರೂ ಒಮ್ಮೆಯೂ ಆಡಲಿಲ್ಲ.

ಈ ಕೊಸರು ತಿಂಗಳ ಮೊದಲ ವಾರ ಮೂರನೇ ಸಲ ಆ ಕೋಣೆಗೆ ಹೋದೆ. ಚೀಟಿ ಓದಿಕೊಂಡು ಸರಿಯಾಗಿ ಕುರ್ಚಿಯಲ್ಲೇ ಕೂತೆ. ಬಟ್ಟಲನ್ನು ನೀರಿಗೆ ಬಿಟ್ಟರು. ಆಮೇಲೆ ಬೆಂಚಿನ ಕಡೆ ನೋಡಿದರೆ ಅಲ್ಲಿ ದಸ್ತಗೀರ ಪೈಲ್ವಾನ್ ಕೂತಿದ್ದ.

ದಸ್ತಗೀರ ಐವತ್ತು ದಾಟಿದ ಆಳು. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುವುದಿಲ್ಲ, ಅಂಥ ಮೈಕಟ್ಟು. ಕುಸ್ತಿಯಲ್ಲಿ ಹೆಸರು ಮಾಡಿದ್ದ. ಮೊಣಕಾಲು ಮುರಿಯಿತೆಂದು ಗರಡಿ ಬಿಟ್ಟು ನೋವುಮನೆಗೆ ಬಂದು, ನಾನು ಬಿಡುವ ಮುಂಚಿನ ವರ್ಷ ನನ್ನ ಕೈಯಲ್ಲೇ ಕಲಿತವನು. ಎಮ್ಮೆಯ ಹಾಗೆ ನರಳಬೇಡ ಎಂದು ನಾನು ಅತಿಹೆಚ್ಚು ಸಲ ಬೈದದ್ದು ಅವನಿಗೇ. ನೋವುಗಾರರನ್ನು ಚೀಟಿ ಎತ್ತಿ ಕಳಿಸುತ್ತಾರೆ, ಎದುರಿಗೆ ಯಾರು ಬರುತ್ತಾರೆಂದು ಅವರಿಗೂ ಗೊತ್ತಿರುವುದಿಲ್ಲ. ನನ್ನನ್ನು ನೋಡಿದ್ದೇ ಅವನ ಮುಖ ಬಿಳಿಚಿತು. ಏನಾಗಿದೆ ಎಂದು ಕೇಳಿದೆ. ಬಾಯಿ ತೆರೆದ, ಮಾತು ಬರಲಿಲ್ಲ. ಮತ್ತೆ ಕೇಳಿದೆ. ಬಟ್ಟಲಿಗೆ ನೀರು ಏರುತ್ತಿತ್ತು. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ:

"ಅಕ್ಕಾರ, ಎಲ್ಲಾ ಮರತೇನ್ರೀ."

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕಾರ ಎನ್ನುವುದು ನಿಮಗೂ ಗೊತ್ತಿರಬೇಕು. ನೋವುಗಾರನ ಬಾಯಲ್ಲಿ ಮರೆತೆ ಎಂಬ ಮಾತು ಬರಲೇಬಾರದು. ಇಂಥದ್ದಕ್ಕೆಂದೇ ಕುರ್ಚಿಯ ಪಕ್ಕದಲ್ಲಿ ಬದಲಿ ಗಂಟೆ ಇರುತ್ತದೆ. ಬಾರಿಸಿದರೆ ಬೇರೆ ನೋವುಗಾರನನ್ನು ಕಳಿಸಿ, ಬಟ್ಟಲನ್ನು ಹೊಸದಾಗಿ ಬಿಡುತ್ತಾರೆ. ಅಭ್ಯರ್ಥಿಗೆ ಏನೂ ನಷ್ಟವಿಲ್ಲ. ಆದರೆ ಯಾರ ಮೇಲೆ ಗಂಟೆ ಬಾರಿಸಲಾಯಿತೋ ಅವರನ್ನು ಅದೇ ದಿನ ನೋವುಮನೆಯಿಂದ ಹೊರಗೆ ಹಾಕುತ್ತಾರೆ. ಅವನಿಗೆ ಕೊಟ್ಟ ಕಾಯಿಲೆ ಏನೆಂದು ನಾನು ಊಹಿಸಬಲ್ಲವಳಾಗಿದ್ದೆ, ಒಂದು ಮಾತು ಎತ್ತಿಕೊಟ್ಟರೆ ಅವನಿಗೆ ನೆನಪಾಗುತ್ತಿತ್ತು. ಹಾಗೆ ಎತ್ತಿಕೊಡುವುದು ಮೋಸ. ಜಾಲರಿಯ ಹಿಂದಿನವರು ಅಲ್ಲೇ ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದರು. ಸುಮ್ಮನೆ ಕೂತರೆ ಬಟ್ಟಲು ಮುಳುಗಿ ನನ್ನ ಮೂರನೇ ಸಲವೂ ಮುಗಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ ಆಯಿ, ನನ್ನ ಕೈ ಗಂಟೆಯ ತನಕ ಹೋಗಿತ್ತು. ಹಗ್ಗವನ್ನು ಹಿಡಿದೂ ಆಗಿತ್ತು.

ಆಗ ಅವನ ಕೈಗಳನ್ನು ನೋಡಿದೆ. ಅಷ್ಟು ದೊಡ್ಡ ಕೈಗಳು ತೊಡೆಯ ಮೇಲೆ ನಡುಗುತ್ತಿದ್ದವು. ನಾನು ಕಲಿಸಿದ ನಡುಕವಲ್ಲ ಅದು. ಅವನಿಗೆ ಅಷ್ಟು ಚೆನ್ನಾಗಿ ನಡುಗಲು ಯಾವತ್ತೂ ಬಂದಿರಲಿಲ್ಲ.

ಹಗ್ಗ ಬಿಟ್ಟೆ. ಎದ್ದು ಹೋಗಿ ಅವನ ಪಕ್ಕದಲ್ಲಿ ಆ ಬೆಂಚಿನ ಮೇಲೆಯೇ ಕೂತೆ. ಜಾಲರಿಯ ಹಿಂದೆ ಯಾರೋ ಅಯ್ಯೋ ಮತ್ತೆ ಕೂತಳಲ್ಲ ಎಂದದ್ದು ಕೇಳಿಸಿತು. ಈ ಸಲ ಕಾಲು ಎಳೆದೊಯ್ದಿರಲಿಲ್ಲ, ನಾನೇ ನಡೆದು ಹೋಗಿದ್ದೆ. ಅವನ ಮಣಿಕಟ್ಟು ಹಿಡಿದು, "ಊಟ ಆಗೇತೇನ್ರೀ ಪೈಲ್ವಾನರ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಮರೆತದ್ದು ಮರೆತೇ ಇರಲಿ, ಈಗ ಮೈಯಲ್ಲಿ ಏನಾಗುತ್ತಿದೆಯೋ ಅದನ್ನು ಹೇಳಿ ಎಂದೆ. ಎದೆ ಹೊಡೆದುಕೊಳ್ಳುತ್ತಿದೆ, ಕೈ ತಣ್ಣಗಾಗಿದೆ, ಕಣ್ಣು ಮಬ್ಬಾಗಿದೆ ಎಂದ. ಯಾವಾಗಿನಿಂದ ಎಂದು ಕೇಳಿದ್ದಕ್ಕೆ ನಿಮ್ಮನ್ನು ನೋಡಿದಾಗಿನಿಂದ ಎಂದ. ಇಬ್ಬರಿಗೂ ನಗು ಬಂತು. ನನ್ನಿಂದಾಗಿ ನಿಮ್ಮ ಕೊನೇ ಸಲ ಹಾಳಾಯಿತಲ್ಲ ಎಂದು ನಗುತ್ತಲೇ ಕಣ್ಣು ಒರೆಸಿಕೊಂಡ. ಅಂಗಾಲು ನೆಲಕ್ಕೆ ಊರಿ ನಿಧಾನವಾಗಿ ಉಸಿರು ಬಿಡಲು ಹೇಳಿದೆ. ಹೀಗೆ ಹಿಂದೆಯೂ ಆಗಿತ್ತೇ ಎಂದು ಕೇಳಿದೆ. ಕೇಳಿ ಸುಮ್ಮನಾದೆ. ಹತ್ತೊಂಬತ್ತರಲ್ಲಿ ನನಗೆ ಬಾರದ ಕೆಲಸ ಅದು, ಕೇಳಿ ಸುಮ್ಮನಿರುವುದು. ಬಟ್ಟಲಿನ ಅಂಚು ನೀರಿಗೆ ಹತ್ತಿರವಾಗುತ್ತಿತ್ತು. ನಾನು ಅದನ್ನು ನೋಡಲಿಲ್ಲ, ಅವನನ್ನೇ ನೋಡುತ್ತ ಕೂತೆ.

"ಮೊಣಕಾಲ ಮುರದಿರಲಿಲ್ರೀ," ಎಂದ ದಸ್ತಗೀರ. "ಕಣದಾಗ ಇಳದಾಗ ಹಿಂಗ ಆತು. ಅಂಜಿ ಓಡಿ ಬಂದೆ. ಇದನ್ನ ನನ್ನ ಹೇಣ್ತಿಗೂ ಹೇಳಿಲ್ಲ."

ಅಂಜಿಕೆ ಕಾಯಿಲೆಯೇ, ಅದಕ್ಕೆ ಮದ್ದಿದೆ, ಅದರಲ್ಲಿ ಅವಮಾನವಿಲ್ಲ ಎಂದು ಹೇಳಿದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿ, ಅದು ಮೊದಲ ಔಷಧ ಎಂದೆ. ನನ್ನ ಬೆರಳಿನ ಕೆಳಗೆ ಅವನ ನಾಡಿ ನಿಧಾನವಾಗುತ್ತ ಬಂತು. ಮುಖಕ್ಕೆ ಬಣ್ಣ ಬಂತು. ತಟ್ಟನೆ ನೆಟ್ಟಗೆ ಕೂತು, "ಅಕ್ಕಾರ, ನೆನಪಾತ್ರೀ! ನನಗ ದಮ್ಮು!" ಎಂದ. ಅದೇ ಹೊತ್ತಿಗೆ ಮೂಲೆಯಲ್ಲಿ ಬುಳಕ್ ಎಂದು ಬಟ್ಟಲು ಮುಳುಗಿತು.

ಪರೀಕ್ಷಕರ ಮುಖ್ಯಸ್ಥೆ ಪದ್ಮಾವತಿ ದೇಸಾಯಿ ಎಂಬ ಹಿರಿಯ ವೈದ್ಯೆ. ಜಾಲರಿ ಸರಿಸಿ ಹೊರಗೆ ಬಂದು, ಈ ವೈದ್ಯರ ಹತ್ತಿರ ಮತ್ತೆ ಹೋಗುತ್ತೀರಾ ಎಂದು ದಸ್ತಗೀರನನ್ನು ಕೇಳಿದರು. ನಾಳೆಯೇ ಹೋಗುತ್ತೇನೆ, ನೋವಿಲ್ಲದ ಮೊಣಕಾಲನ್ನೂ ತೋರಿಸಿಕೊಂಡು ಬರುತ್ತೇನೆ ಎಂದ. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಒಳಗೆ ಜಗಳ ಶುರುವಾಯಿತು. ಕೊಟ್ಟ ಕಾಯಿಲೆಯನ್ನು ಹಿಡಿಯಲಿಲ್ಲ, ಕುರ್ಚಿಯಲ್ಲಿ ಕೂರಲಿಲ್ಲ, ಹೇಗೆ ಪಾಸು ಮಾಡುವುದು ಎಂದು ಉಳಿದಿಬ್ಬರು ಹಟ ಹಿಡಿದರು. ದೇಸಾಯಿಯವರದು ಗೋಡೆ ದಾಟುವ ಧ್ವನಿ. ಎದುರಿಗೆ ಕೂತವರು ಮುಚ್ಚಿಟ್ಟದ್ದನ್ನು ತೆಗೆಸಬೇಕೆಂಬುದಷ್ಟೇ ನಮ್ಮ ನಿಯಮ ಎಂದು ಅವರು ಹೇಳಿದ್ದು ನನಗೂ ಕೇಳಿಸಿತು, ಕಟ್ಟೆಯ ಮೇಲೆ ಕೂತಿದ್ದ ದಸ್ತಗೀರನಿಗೂ ಕೇಳಿಸಿತು.

"ದಮ್ಮು ನಾವು ಕೊಟ್ಟಿದ್ದು. ಅಂಜಿಕಿ ಆ ಮನಷ್ಯಾಂದು. ಯಾವುದನ್ನ ಹಿಡದ್ರ ಡಾಕ್ಟರ್ ಅಂತೀರಿ?"

ಫಲಿತಾಂಶ ಹೇಳುವುದು ತಿಂಗಳ ಇಪ್ಪತ್ತಕ್ಕೆ, ಅಲ್ಲಿಯ ತನಕ ನಾನು ಬಡಿದ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ.

ನಿನ್ನೆ ಇಪ್ಪತ್ತು. ಗುಡ್ಡದ ಮೇಲೆ ವೈದ್ಯಶಾಲೆಯ ಹೆಬ್ಬಾಗಿಲ ಹೊರಗೆ ನಾವೆಲ್ಲ ಬಿಸಿಲೇರುವ ಮೊದಲೇ ಹೋಗಿ ನಿಂತೆವು. ಎರಡನೇ ವರ್ಷದ ಮಕ್ಕಳು ಒಬ್ಬೊಬ್ಬರಾಗಿ ಬಂದು, ಸೀಟು ಸಿಕ್ಕ ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಹೆಸರು ಬಂದವರು ಬಂದೆ ಅಣ್ಣಾ, ಬಂದೆ ಅಕ್ಕಾ ಎಂದು ಒಳಗೆ ಹೋಗಬೇಕು. ನನ್ನ ಸುತ್ತ ಎಲ್ಲ ಎಳೆಯ ಮಕ್ಕಳು. ಒಬ್ಬೊಬ್ಬರೇ ಕಿರುಚುತ್ತ ಒಳಗೆ ಓಡಿದರು. ಗುಂಪು ಕರಗುತ್ತ ಬಂತು. ಕೊನೆಗೆ ಹಂಪವ್ವ ಬಾಗಿಲಿಗೆ ಬಂದಳು. ಕೈಯಲ್ಲಿದ್ದ ಹೆಸರನ್ನು ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದುದು ಅಷ್ಟು ದೂರದಿಂದಲೂ ನನಗೆ ಕಂಡಿತು. ಪಕ್ಕದ ಹುಡುಗ ಓದಲು ಹೋದರೆ ಅವನ ಕೈ ತಳ್ಳಿ, ತಾನೇ ಗುಡ್ಡಕ್ಕೆಲ್ಲ ಕೇಳುವ ಹಾಗೆ ನಿಂಬೆವ್ವ ಎಂದು ಕೂಗಿದಳು. ಹೆತ್ತು, ಹೊತ್ತು, ಜಡೆ ಹೆಣೆದು ಬೆಳೆಸಿದ ಮಗಳ ಮುಂದೆ ನಿಂತು ನಾನು ಕೈ ಮುಗಿದೆ.

"ಬಂದೆ, ಅಕ್ಕಾ," ಎಂದೆ.

ಇಬ್ಬರೂ ಅತ್ತೆವು. ಬಾಗಿಲಲ್ಲಿದ್ದವರೆಲ್ಲ ಕೇಕೆ ಹಾಕಿದರು. ದಸ್ತಗೀರ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅವನು ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಬಂದದ್ದನ್ನು ಕಷ್ಟಪಟ್ಟು ತಪ್ಪಿಸಿಕೊಂಡೆ. ಅವನ ಕೆಲಸಕ್ಕೆ ಏನೂ ಆಗಲಿಲ್ಲ, ಗಂಟೆ ಬಾರಿಸಿರಲಿಲ್ಲವಲ್ಲ. ದೇಸಾಯಿಯವರು ಬಂದು ನನ್ನ ಕೈಯಲ್ಲಿ ಒಂದು ಹಳೆಯ ಚೀಟಿ ಇಟ್ಟರು. ಕುರ್ಚಿಯಿಂದ ಕಿತ್ತು ತಂದಿದ್ದರು. ಅದನ್ನು ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ಮುಟ್ಟಿದರೆ ನಿಮ್ಮ ಮನೆಯ ಯಾವುದಾದರೂ ಕುರ್ಚಿಗೆ ಅಂಟಿಸಿ, ಓದುವಾಗ ಅದರಲ್ಲೇ ಕೂತುಕೊಳ್ಳಿ.

ನನ್ನದೊಂದು ಕೇಳಿಕೆ. ನಮ್ಮ ಮನೆಯಲ್ಲಿ ನಿಮ್ಮ ಬಗ್ಗೆ ಎರಡು ಕತೆಗಳಿವೆ ಎಂದೆನಲ್ಲ, ಅದರಲ್ಲಿ ಮೊದಲನೆಯದನ್ನು ನಿಜ ಮಾಡಿ. ಪಾಸಾಗಿ ಎಂದು ನಾನು ಕೇಳುತ್ತಿಲ್ಲ. ಪಾಸಾದರೆ ಬಹಳ ಒಳ್ಳೆಯದು, ಆಗದಿದ್ದರೆ ನಿಮ್ಮ ಮರಿಮಗಳ ಮರಿಮಗಳು ಆ ಕೆಲಸ ಮುಗಿಸಿದ್ದಾಳೆ. ಹೋಗಿ ಕೂತು ಬನ್ನಿ, ಅಷ್ಟೇ. ಅಟ್ಟದ ಮೇಲಿನ ಪುಸ್ತಕಗಳ ದೂಳು ಹೊಡೆಯಿರಿ. ಮೂವತ್ತೆಂಟು ಒಂದು ವಯಸ್ಸೇ ಅಲ್ಲ, ನಲವತ್ತಾರರವಳು ಹೇಳುತ್ತಿದ್ದೇನೆ.

ಈ ಸಲವೂ ನೀವು ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ. ನಾಚಿಕೊಂಡು ತಲೆ ತಗ್ಗಿಸಬೇಡಿ. ಕೂಡ್ರಪ್ಪಾ, ನಾನೂ ನಿಮ್ಮ ಜೋಡಿಯವಳೇ ಎಂದು ನಕ್ಕು ಹೇಳಿ. ಆಮೇಲೆ ನಿಮ್ಮ ನಂಬರಿರುವ ಬೆಂಚು ಹುಡುಕಿ, ಪಕ್ಕದ ಹುಡುಗಿಗೆ ಊಟ ಆಯಿತಾ ಎಂದು ಕೇಳಿ, ಗಟ್ಟಿಯಾಗಿ ಕೂತುಕೊಳ್ಳಿ.

ಇಂತಿ ನಿಮ್ಮ,
ನಿಂಬೆವ್ವ
ಮೊದಲನೇ ವರ್ಷ, ಕಪ್ಪತಗುಡ್ಡ ವೈದ್ಯಶಾಲೆ